ಆಂಗ್ಲ ಸಾಹಿತ್ಯದ ಬೋಧನೆಯೂ ಕಾವ್ಯವಿಮರ್ಶೆಯೂ

(ಮಹೋತ್ಸವದ ಸಾಹಿತ್ಯಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ತುರುವೇಕೆರೆ ತಾಲ್ಲೂಕಿನಲ್ಲಿ ಸಂಪಿಗೆ ಎಂಬುದೊಂದು ಗ್ರಾಮ; ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ತೀರ್ಥಪುರ ಎಂಬುದೊಂದು ಗ್ರಾಮ. ಎರಡೂ ತೆಂಗಿನ ಸೀಮೆಯ ಊರುಗಳೇ. 1884ನೆಯ ಇಸವಿ ಜನವರಿ 3ರಂದು ಸಂಪಿಗೆಯಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಹುಟ್ಟಿದರು. 1906ನೆಯ ಇಸವಿ ನವೆಂಬರ್ 26ರಂದು ತೀರ್ಥಪುರದಲ್ಲಿ ತೀ. ನಂ. ಶ್ರೀಕಂಠಯ್ಯನವರು ಹುಟ್ಟಿದರು, ಅವರ ಹೆಸರಿನ ಮೊದಲಿನ 'ತೀ' ಎಂಬುದೇ ಆ ಊರು. ಇಬ್ಬರೂ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದವರು. ಇಬ್ಬರೂ ಮೊದಲು ಅಧ್ಯಾಪಕ ಪೀಠವನ್ನೇರಿದುದು ಇಂಗ್ಲಿಷನ್ನು ಕಲಿಸುವುದಕ್ಕಾಗಿ. ಇಬ್ಬರ ಹೆಸರೂ ಇಂದು ಉಳಿದಿರುವುದು ಮಾತ್ರ ಕನ್ನಡದಲ್ಲಿ. ಆಂಗ್ಲ ಸಾಹಿತ್ಯವನ್ನು ಓದಹೋದವನು ತನ್ನ ಮನೆಯನ್ನು ಮರೆತುಬಿಡುವನೆಂಬ ಶಂಕೆ ಈ ಸೀಮೆಯ ತಂದೆತಾಯಿಗಳಲ್ಲಿ ಹಿಂದೆಯೂ ಇತ್ತು, ಈಗಲೂ ಉಂಟು. ಆ ಶಂಕೆ ನಿರಾಧಾರವಾದುದಲ್ಲ. ಆದರೆ ಅದೇ ವಿದ್ಯೆಯನ್ನು ಕಲಿತು ಕಲಿಸಿದ ಈ ಇಬ್ಬರು ಹಿರಿಯರು ಹೆಚ್ಚಿನ ಕಣ್ಣನ್ನು ಪಡೆದುಕೊಂಡು ಮನೆಗೆ ಹಿಂದಿರುಗಿದರು. ಇದು ಹೇಗೆ ಸಾಧ್ಯವಾಯಿತು, ಇಂದಿನ ವಿದ್ಯಾರ್ಥಿಗೂ ಸಾಧ್ಯವಾಗಬೇಕಾದರೆ ಪಾಠವು ಯಾವ ಬಗೆಯದಾಗಿರಬೇಕು ಎಂಬುದೇ ಇಲ್ಲಿಯ ವಿಚಾರ.

ಇಂಗ್ಲಿಷ್ ಸಾಹಿತ್ಯವು ಈ ದೇಶದ ವಿದ್ಯಾಶಾಲೆಗಳಿಗೆ ಬಂದ ಬಗೆ ವಿಚಿತ್ರವಾದುದು. ಮೆಕಾಲೆಯ ಟಿಪ್ಪಣಿ 1835ರದು. ಮದರಾಸಿನ ವಿಶ್ವವಿದ್ಯಾನಿಲಯ 1857ರದು. ಅತ್ತ ಇಂಗ್ಲೆಂಡಿನಲ್ಲಿಯೇ, ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯವು ಗೌರವ ಪದವಿಯ ಪಠ್ಯವಾದುದು 1890ರ ದಶಕದಲ್ಲಿ. ಕೇಂಬ್ರಿಜ್ಜಿನಲ್ಲಿ ಅದಕ್ಕೆ ಸ್ವತಂತ್ರವಾದ ಸ್ಥಾನ ದೊರೆತುದು 1917ರಲ್ಲಿ. ಅವರ ಮಕ್ಕಳು ಗ್ರೀಕನ್ನೂ ಲ್ಯಾಟಿನ್ನನ್ನೂ ಪಠಿಸುತ್ತಿದ್ದ ಕಾಲಕ್ಕೆ ಇಲ್ಲಿಯ ಮಕ್ಕಳು ಮಿಲ್ಟನ್ನನನ್ನು ಬಾಯಿಪಾಠ ಮಾಡುತ್ತಿದ್ದರು. ಹೀಗೆ ಬಂದ ಸಾಹಿತ್ಯದೊಡನೆ ಅದನ್ನು ಕುರಿತ ತೀರ್ಪುಗಳೂ ಸಿದ್ಧವಾಗಿಯೇ ಹಡಗಿನಿಂದಿಳಿದವು. ಯಾವ ಕವಿ ದೊಡ್ಡವನು, ಯಾವನು ಚಿಕ್ಕವನು, ಯಾವ ಪದ್ಯ ಭವ್ಯ, ಯಾವುದು ಲಲಿತ ಎಂಬುದೆಲ್ಲವೂ ಪುಸ್ತಕದಲ್ಲಿ ಅಚ್ಚಾಗಿದ್ದುದರಿಂದ ವಿದ್ಯಾರ್ಥಿಗೆ ಉಳಿದ ಕೆಲಸ ಒಪ್ಪಿಸುವುದೊಂದೇ ಆಯಿತು. ಇಂದು ಪುಸ್ತಕದಂಗಡಿಯ ಗೈಡುಗಳಲ್ಲಿ ನಡೆಯುತ್ತಿರುವುದೂ ಇದೇ ವ್ಯಾಪಾರ. ಪದ್ಯವನ್ನು ಒಮ್ಮೆಯೂ ಗಟ್ಟಿಯಾಗಿ ಓದದೆ ಅದರ ಗುಣದೋಷಗಳನ್ನು ಎರಡು ಪುಟ ಬರೆಯಬಲ್ಲ ವಿದ್ಯಾರ್ಥಿ ಪರೀಕ್ಷೆಯಲ್ಲಿ ತೇರ್ಗಡೆಯಾಗುವನು. ಅವನಿಗೆ ಸಾಹಿತ್ಯ ದಕ್ಕಿತೆಂದು ಹೇಳುವಂತಿಲ್ಲ.

ತಿಪಟೂರಿನ ಸಂತೆಯನ್ನು ಕಂಡವರಿಗೆ ಪರೀಕ್ಷೆಯೆಂದರೇನೆಂಬುದನ್ನು ವಿವರಿಸಬೇಕಾಗಿಲ್ಲ. ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಕಾಯಿ ಒಣಗಬೇಕು; ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಕೊಬ್ಬರಿ ಚಿಪ್ಪಿನೊಳಗೆ ಸದ್ದು ಮಾಡಬೇಕು. ಬಲ್ಲವನು ಕಿವಿಯ ಬಳಿ ಹಿಡಿದು ಕೇಳುವನು, ಒಡೆಸಿ ಬಣ್ಣ ನೋಡುವನು, ಉಗುರಿನಿಂದ ಒತ್ತಿ ನೋಡುವನು. ನೆರೆಯ ಅಂಗಡಿಯವನು ಹೇಳಿದ ಬೆಲೆಯನ್ನು ಕೇಳಿ ತನ್ನ ತೀರ್ಮಾನವನ್ನು ಮಾಡುವುದಿಲ್ಲ. ಕಾವ್ಯದ ಪರೀಕ್ಷಕನಿಗೂ ಬೇಕಾದುದು ಇಂಥ ಕಿವಿ, ಇಂಥ ಬೆರಳು. ಇದನ್ನು ಕಲಿಸುವುದೇ ವಿಮರ್ಶೆಯ ಪಾಠ.

ಈ ಸೀಮೆಯ ಹುಡುಗನೊಬ್ಬನು ವರ್ಡ್ಸ್‌ವರ್ತ್ ಕವಿಯ 'ಡ್ಯಾಫೊಡಿಲ್ಸ್' ಪದ್ಯವನ್ನು ಓದುವ ಸಂದರ್ಭವನ್ನು ಎತ್ತಿಕೊಳ್ಳಬಹುದು. ಆ ಹೂವನ್ನು ಅವನು ಕಂಡಿಲ್ಲ. ಅಧ್ಯಾಪಕನು ಚಿತ್ರಪಟವೊಂದನ್ನು ತೋರಿಸಿ, ಇದೇ ಆ ಹೂ ಎಂದು ಮುಂದಕ್ಕೆ ಹೋಗಬಹುದು. ಹಾಗೆ ಮಾಡಿದರೆ ಸಸ್ಯಶಾಸ್ತ್ರದ ಪಾಠವಾಗುವುದೇ ಹೊರತು ಕಾವ್ಯದ ಪಾಠವಾಗದು. ಮತ್ತೊಬ್ಬ ಅಧ್ಯಾಪಕನು, ಮಳೆಗಾಲದ ಕೊನೆಗೆ ಚಿಕ್ಕನಾಯಕನಹಳ್ಳಿಯ ಕಡೆಯ ಬೆದ್ದಲು ಹೊಲಗಳಲ್ಲಿ ಹುಚ್ಚೆಳ್ಳು ಹೂವಾಗಿ ನಿಂತು ಗಾಳಿಗೆ ಒಂದೇ ಸಮನೆ ತೂಗಾಡುವುದನ್ನು ನೆನೆದುಕೊಳ್ಳಿರೆಂದು ಹೇಳಬಹುದು. ಆ ಕ್ಷಣದಲ್ಲಿಯೇ ಹಳದಿ ಬಣ್ಣವು ಹುಡುಗನ ಕಣ್ಣಿಗೆ ಕಟ್ಟುವುದು. ಇದು ಒಳ್ಳೆಯ ಪಾಠ. ಆದರೆ ಇಲ್ಲಿಗೇ ನಿಲ್ಲತಕ್ಕದ್ದಲ್ಲ. ನಿಜವಾದ ವಿಮರ್ಶೆ ಆರಂಭವಾಗುವುದೇ ಇಲ್ಲಿಂದ. ಹುಚ್ಚೆಳ್ಳನ್ನು ರೈತನು ಬಿತ್ತಿದ್ದಾನೆ. ಹೂವನ್ನು ಕಂಡಾಗ ಅವನ ಮನಸ್ಸು ಕಾಳನ್ನೂ ಗಾಣವನ್ನೂ ಮನೆಯ ಎಣ್ಣೆಯನ್ನೂ ನೆನೆಯುವುದು. ವರ್ಡ್ಸ್‌ವರ್ತನ ಹೂಗಳನ್ನು ಯಾರೂ ಬಿತ್ತಲಿಲ್ಲ; ಅವುಗಳಿಂದ ಯಾರಿಗೂ ಆದಾಯವಿಲ್ಲ; ಕವಿಗೆ ಅವುಗಳಿಂದ ಉಳಿದುದು ಏಕಾಂತದ ನೆನಪೊಂದೇ. ಸಾಮ್ಯವನ್ನು ಹಿಡಿದು ಪದ್ಯದೊಳಕ್ಕೆ ಹೋದ ವಿದ್ಯಾರ್ಥಿಯು ವೈಷಮ್ಯದ ಬಳಿ ನಿಂತು ಯೋಚಿಸಬೇಕು. ಆಗ ಪದ್ಯವು ಅವನದಾಗುವುದು, ಅವನ ತಂದೆಯ ಹೊಲವೂ ಹೊಸದಾಗಿ ಕಾಣುವುದು.

ಭಾಷೆಯ ವಿಷಯದಲ್ಲಿಯೂ ಹೀಗೆಯೇ. ಕುರುಂಬೆ, ಎಳನೀರು, ಗಂಜಿ, ಬಲಿತ ಕಾಯಿ, ಗಿಟುಕು, ಕೊಬ್ಬರಿ ಎಂದು ಒಂದೊಂದು ಅವಸ್ಥೆಗೆ ಒಂದೊಂದು ಮಾತುಳ್ಳ ಹುಡುಗನು ಇಂಗ್ಲಿಷಿನಲ್ಲಿ ಬರೆಯಹೊರಟಾಗ ಎಲ್ಲಕ್ಕೂ ಬಹುಮಟ್ಟಿಗೆ ಒಂದೇ ಮಾತನ್ನು ಹಿಗ್ಗಿಸಬೇಕಾಗುವುದು. ಅವನ ಕೈಯಲ್ಲಿ ಬಡವಾದುದು ಇಂಗ್ಲಿಷು, ಅವನಲ್ಲ. ಅಂತೆಯೇ ಹಿಮದ, ಮಂಜಿನ, ಸಮುದ್ರದ ಅವಸ್ಥೆಗಳಿಗೆ ಆ ಭಾಷೆಯಲ್ಲಿರುವ ಮಾತುಗಳ ಮುಂದೆ ಕನ್ನಡವು ತಡವರಿಸುವುದು. ಈ ಕೊಡುಕೊಳೆಯನ್ನು ತರಗತಿಯಲ್ಲಿ ತೋರಿಸಿದರೆ, ಹಳ್ಳಿಯಿಂದ ಬಂದ ವಿದ್ಯಾರ್ಥಿಯ ತಗ್ಗಿದ ತಲೆ ತಾನಾಗಿ ಮೇಲಕ್ಕೇಳುವುದು.

ವಿದೇಶೀಯರಿಗೆ ಇಂಥ ಕಷ್ಟವಿಲ್ಲವೆಂದು ಭಾವಿಸುವವರಿದ್ದಾರೆ. ಕೇಂಬ್ರಿಜ್ಜಿನ ಐ. ಎ. ರಿಚರ್ಡ್ಸ್ ಎಂಬ ವಿದ್ವಾಂಸನು ಕವಿಗಳ ಹೆಸರನ್ನು ಮರೆಸಿ, ಪದ್ಯಗಳನ್ನು ಮಾತ್ರ ವಿದ್ಯಾರ್ಥಿಗಳ ಕೈಗೆ ಕೊಟ್ಟು, ತೋರಿದುದನ್ನು ಬರೆಯಿರೆಂದು ಹೇಳಿದನು. ಅದರ ಫಲವನ್ನು 1929ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಇಂಗ್ಲಿಷ್ ಮಾತೃಭಾಷೆಯಾದ ಆ ಬುದ್ಧಿವಂತ ತರುಣರೇ ಸರಳವಾದ ಅರ್ಥವನ್ನು ತಪ್ಪಿದ್ದರು; ದೊಡ್ಡ ಕವಿಯನ್ನು ಹಳಿದು ಸಾಮಾನ್ಯನನ್ನು ಹೊಗಳಿದ್ದರು; ಪದ್ಯದಲ್ಲಿ ಇಲ್ಲದ ತಮ್ಮ ಹಳೆಯ ಭಾವನೆಗಳನ್ನು ಪದ್ಯದ ಮೇಲೆ ಹೊರಿಸಿದ್ದರು. ಹೆಸರು ತೆಗೆದೊಡನೆ ತೀರ್ಪು ತತ್ತರಿಸಿತು. ಓದುವ ಕಷ್ಟವು ಪರಭಾಷೆಯವನಿಗೆ ಮಾತ್ರ ಅಂಟಿದುದಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಪರಭಾಷೆಯ ಕಾವ್ಯಶಾಸ್ತ್ರವನ್ನು ತಂದು ತನ್ನ ನುಡಿಯಲ್ಲಿ ಒರೆಗೆ ಹಚ್ಚುವ ಕೆಲಸ ಕನ್ನಡಿಗರಿಗೆ ಹೊಸದೂ ಅಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ದಂಡಿಯ ಕಾವ್ಯಾದರ್ಶವನ್ನು ಬಹುವಾಗಿ ಅವಲಂಬಿಸಿದ ಗ್ರಂಥ. ಆದರೆ ಅದು ದಂಡಿಯ ಭಾಷಾಂತರವಾಗಿ ನಿಂತುಬಿಡಲಿಲ್ಲ. ಕನ್ನಡದ ನಾಡು ಯಾವುದು, ಕನ್ನಡಕ್ಕೆ ಒಗ್ಗುವ ಸಮಾಸವಾವುದು, ಒಗ್ಗದುದಾವುದು ಎಂದು ಪ್ರಶ್ನಿಸಿ, ಕನ್ನಡದ ಪದ್ಯಗಳನ್ನೇ ಉದಾಹರಣೆಯಾಗಿಟ್ಟಿತು. ಅಂದು ಸಂಸ್ಕೃತದ ಮುಂದೆ ನಿಂತ ಕನ್ನಡ ವಿದ್ಯಾರ್ಥಿಯ ಸ್ಥಿತಿಯೇ ಸಾವಿರ ವರ್ಷಗಳ ತರುವಾಯ ಇಂಗ್ಲಿಷಿನ ಮುಂದೆ ನಿಂತವನ ಸ್ಥಿತಿಯಾಯಿತು.

ಬಿ. ಎಂ. ಶ್ರೀಯವರು ಮಾಡಿದುದೂ ಇದನ್ನೇ. ಮದರಾಸಿನಲ್ಲಿ ಎಂ.ಎ. ಪದವಿಯನ್ನು ಪಡೆದು 1909ರಿಂದ ಮೈಸೂರಿನಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದ ಅವರು 1911ರಲ್ಲಿಯೇ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ 'ಕನ್ನಡ ಮಾತು ತಲೆ ಎತ್ತುವ ಬಗೆ' ಎಂಬ ಉಪನ್ಯಾಸವನ್ನು ಕೊಟ್ಟರು. ತರಗತಿಯಲ್ಲಿ ಪಾಠ ಹೇಳುತ್ತಿದ್ದ ಕವಿತೆಗಳು ಕನ್ನಡದಲ್ಲಿ ಹೇಗೆ ಉಸಿರಾಡಬಹುದೆಂಬ ಪ್ರಯೋಗವೇ ಮುಂದೆ 'ಇಂಗ್ಲಿಷ್ ಗೀತಗಳು' ಆಯಿತು. 1926ರಲ್ಲಿ ಅದು ವಿಸ್ತಾರವಾಗಿ ಪ್ರಕಟವಾಯಿತು. ಅದನ್ನು ಭಾಷಾಂತರವೆಂದು ಮಾತ್ರ ಎಣಿಸುವುದು ಸಾಲದು. ಅದು ವಿಮರ್ಶೆಯ ಗ್ರಂಥವೂ ಹೌದು. ಏಕೆಂದರೆ ಪ್ರತಿಯೊಂದು ಪದ್ಯದಲ್ಲಿಯೂ ಅವರು ಒಂದು ಪ್ರಶ್ನೆಗೆ ಉತ್ತರ ಕೊಡಬೇಕಾಯಿತು: ಇಂಗ್ಲಿಷ್ ಪದ್ಯವು ಮಾತಿನ ಒತ್ತಿನ ಮೇಲೆ ನಡೆಯುವುದು, ಕನ್ನಡವು ಮಾತ್ರೆಯ ಅಳತೆಯ ಮೇಲೆ ನಡೆಯುವುದು; ಅದರ ನಡಿಗೆಯನ್ನು ಇದರಲ್ಲಿ ಕಾಣಿಸುವುದೆಂತು? ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸ ಬೀಳಲೇಬೇಕೆಂಬ ಹಳೆಯ ನಿಯಮವನ್ನು ಅವರು ಬಿಟ್ಟರು. ಮೂರು, ನಾಲ್ಕು, ಐದು ಮಾತ್ರೆಯ ಗಣಗಳನ್ನು ಭಾವಕ್ಕೆ ತಕ್ಕಂತೆ ಜೋಡಿಸಿ, ಸಾಲುಗಳನ್ನು ಕುಗ್ಗಿಸಿ ಹಿಗ್ಗಿಸಿ ಪದ್ಯ ಕಟ್ಟಿದರು. ಈ ಗಣಗಳು ಪರದೇಶದವಲ್ಲ. ಮೂರು ಮಾತ್ರೆಯ ಉತ್ಸಾಹ, ನಾಲ್ಕರ ಮಂದಾನಿಲ, ಐದರ ಲಲಿತ ಎಂಬ ರಗಳೆಗಳಲ್ಲಿ ಹರಿಹರನು ಶಿವಶರಣರ ಚರಿತ್ರೆಗಳನ್ನು ಹರಿಯಬಿಟ್ಟು ಏಳೆಂಟು ಶತಮಾನಗಳು ಕಳೆದಿದ್ದುವು. ನಾಡಿನ ಕಿವಿಗೆ ಆ ಲಯ ಪರಿಚಿತವೇ ಆಗಿದ್ದಿತು. ಇಂಗ್ಲಿಷ್ ಕವಿತೆಯು ಆ ಹಳೆಯ ಸಂಪತ್ತಿನ ಬಾಗಿಲನ್ನು ಹೊಸದಾಗಿ ತೆರೆಯಲು ಒಂದು ಬೀಗದ ಕೈಯಾಯಿತಷ್ಟೆ. 1833ರಲ್ಲಿ ಸಮುದ್ರಯಾನದ ನಡುವೆ ನ್ಯೂಮನ್ ಎಂಬ ಕ್ರೈಸ್ತ ಪಾದ್ರಿಯು ಬರೆದ ಪ್ರಾರ್ಥನೆಯು ಶ್ರೀಯವರ ಕೈಯಲ್ಲಿ ಕನ್ನಡವಾಗಿ, ಕರ್ನಾಟಕದ ಎಷ್ಟೋ ಶಾಲೆಗಳಲ್ಲಿ ಅದು ಪರಭಾಷೆಯದೆಂಬ ಅರಿವೇ ಇಲ್ಲದೆ ಹಾಡಲ್ಪಡುತ್ತ ಬಂದಿದೆ. ಯಾವ ಟೀಕಾಗ್ರಂಥಕ್ಕೂ ಇಂಥ ವಾಚಕವರ್ಗ ದೊರೆತುದಿಲ್ಲ.

ಇದಕ್ಕಿಂತಲೂ ಕಠಿನವಾದುದು ದುರಂತ ನಾಟಕದ ಪ್ರಶ್ನೆ. ಗ್ರೀಕರಲ್ಲಿಯೂ ಷೇಕ್ಸ್‌ಪಿಯರನಲ್ಲಿಯೂ ಮಹಾಪುರುಷನೊಬ್ಬನು ತನ್ನ ಹಿರಿಮೆಯೊಡನೆ ಬೆರೆತ ದೋಷದಿಂದಲೇ ನಾಶವಾಗುವನು. ಸಂಸ್ಕೃತ ನಾಟಕವು ಅಂಥ ಅಂತ್ಯವನ್ನು ಒಲ್ಲದು. ಕರುಣರಸವೇ ಪ್ರಧಾನವಾದ ಭವಭೂತಿಯ ಉತ್ತರರಾಮಚರಿತವೂ ಕಡೆಗೆ ಪುನರ್ಮಿಲನದಲ್ಲಿಯೇ ಮುಗಿಯುವುದು. ಹಾಗಾದರೆ ಭಾರತೀಯರಿಗೆ ದುರಂತದ ದೃಷ್ಟಿ ಇಲ್ಲವೇ ಎಂದು ವಿದ್ಯಾರ್ಥಿಯು ಕೇಳುವನು. ಶ್ರೀಯವರು ಇದಕ್ಕೆ ವಾದದಿಂದ ಮಾತ್ರ ಉತ್ತರ ಕೊಡಲಿಲ್ಲ. ಹತ್ತನೆಯ ಶತಮಾನದ ರನ್ನನ ಗದಾಯುದ್ಧದಿಂದ ಪದ್ಯಗಳನ್ನು ಆಯ್ದು ಜೋಡಿಸಿ 1926ರಲ್ಲಿ 'ಗದಾಯುದ್ಧ ನಾಟಕಂ' ಎಂಬುದನ್ನು ರಚಿಸಿದರು. ರನ್ನನು ತನ್ನ ಒಡೆಯನನ್ನು ಭೀಮನಿಗೆ ಹೋಲಿಸಿದವನು. ಆದುದರಿಂದ ಆತನ ಕಥಾನಾಯಕನು ಭೀಮನೇ. ಆದರೆ ರಣಭೂಮಿಯಲ್ಲಿ ದುರ್ಯೋಧನನು ನಡೆದು ಬರುತ್ತ ದ್ರೋಣನನ್ನೂ ತಮ್ಮನನ್ನೂ ಕರ್ಣನನ್ನೂ ಕಂಡು ಮರುಗುವ ಸ್ಥಳದಲ್ಲಿ, ವೈರಿಯ ಮಗನಾದ ಅಭಿಮನ್ಯುವಿನ ಶೌರ್ಯವನ್ನು ಕೊಂಡಾಡುವ ಸ್ಥಳದಲ್ಲಿ, ಕವಿಯ ಹೃದಯ ಯಾವ ಕಡೆಗೆ ಒಲಿಯಿತೆಂಬುದನ್ನು ಯಾರೂ ಅಲ್ಲಗಳೆಯಲಾರರು. ಪ್ರಶ್ನೆ ಪಶ್ಚಿಮದಿಂದ ಬಂದುದು ನಿಜ. ಉತ್ತರ ರನ್ನನಲ್ಲಿಯೇ ಇದ್ದಿತು.

ಇದರ ಪಕ್ಕದಲ್ಲಿ 1929ರ 'ಅಶ್ವತ್ಥಾಮನ್' ನಾಟಕವನ್ನು ಇಟ್ಟು ಪಾಠ ಹೇಳುವ ಅಧ್ಯಾಪಕನು ಪುಣ್ಯವಂತನು. ಸಾಫೊಕ್ಲೀಸನ ಏಜಾಕ್ಸ್ ನಾಟಕವನ್ನು ಮಹಾಭಾರತದ ಕಥೆಗೆ ಹೊಂದಿಸಿ ಬರೆದುದಿದು. ಗ್ರೀಕ್ ವೀರನಂತೆ ಇಲ್ಲಿ ಅಶ್ವತ್ಥಾಮನೂ ಸಾಯುವನು. ಚಿರಂಜೀವಿಗಳಲ್ಲೊಬ್ಬನೆಂದು ಈ ದೇಶದ ಮುದುಕಿಯರೂ ಬಲ್ಲ ಅಶ್ವತ್ಥಾಮನು ಸತ್ತನೆಂದರೆ ಪ್ರೇಕ್ಷಕನ ನಂಬಿಕೆ ತಡೆದು ನಿಲ್ಲದೆ? ಭಾಷೆಯ ಗಾಂಭೀರ್ಯದಲ್ಲಿ ಈ ನಾಟಕವು ಹಿಂದಿನದಕ್ಕೆ ಸಮನಾದುದೇ. ಆದರೂ ಗದಾಯುದ್ಧದಲ್ಲಿ ಅಚ್ಚು ಹೊರಗಿನದಾದರೂ ಎರಕ ಒಳಗಿನದು, ಇಲ್ಲಿಯಾದರೋ ಅಚ್ಚಿಗೆ ತಕ್ಕಂತೆ ಎರಕವನ್ನು ಬಗ್ಗಿಸಬೇಕಾಯಿತು. ಹಿರಿಯರ ಕೃತಿಯನ್ನು ಹೀಗೆ ಅಳೆಯುವುದು ಅವಿನಯವಲ್ಲ. ಪರಭಾಷೆಯ ಮಾನದಂಡ ಎಲ್ಲಿ ಒಗ್ಗುವುದು, ಎಲ್ಲಿ ಒಗ್ಗದು ಎಂಬುದನ್ನು ಈ ಎರಡು ನಾಟಕಗಳಷ್ಟು ಸ್ಪಷ್ಟವಾಗಿ ತೋರುವ ಪಾಠ ಮತ್ತೊಂದಿಲ್ಲ.

ಶ್ರೀಯವರ ಶಿಷ್ಯವರ್ಗಕ್ಕೆ ಸೇರಿದ ತೀ. ನಂ. ಶ್ರೀಯವರ ಮಾರ್ಗ ಬೇರೆ. ಅವರು ಹೊಸ ಅಚ್ಚುಗಳನ್ನು ತರುವುದಕ್ಕಿಂತ ಮನೆಯ ಅಟ್ಟವನ್ನು ಹುಡುಕಿದರು. 1953ರಲ್ಲಿ ಪ್ರಕಟವಾದ 'ಭಾರತೀಯ ಕಾವ್ಯಮೀಮಾಂಸೆ'ಯು ಅಲಂಕಾರ, ರೀತಿ, ಧ್ವನಿ, ರಸ, ಔಚಿತ್ಯಗಳ ವಿಚಾರವನ್ನು ತಿಳಿಗನ್ನಡದಲ್ಲಿ ನಿರೂಪಿಸಿ, ಸಂಸ್ಕೃತ ತಿಳಿಯದವನಿಗೂ ಆನಂದವರ್ಧನನ ಅಭಿನವಗುಪ್ತನ ಪರಿಚಯವನ್ನು ಮಾಡಿಕೊಟ್ಟಿತು. ಇಂಗ್ಲಿಷ್ ಎಂ.ಎ. ಓದುವ ವಿದ್ಯಾರ್ಥಿಗೆ ಅರಿಸ್ಟಾಟಲನ ಜೊತೆಗೆ ಈ ಗ್ರಂಥವನ್ನೂ ಕಡ್ಡಾಯವಾಗಿ ಕೊಡಬೇಕು. ಶೋಕವನ್ನು ನೋಡಿ ಸಂತೋಷವಾಗುವುದೇಕೆಂದು ಕೇಳಿದರೆ, ಭಯಕರುಣೆಗಳು ಶೋಧನೆ ಹೊಂದುವುವೆಂದು ಅರಿಸ್ಟಾಟಲನು ಹೇಳುವನು. ಸ್ವಂತದ ಶೋಕವಲ್ಲದೆ ಸರ್ವಸಾಧಾರಣವಾದ ಶೋಕವನ್ನು ಆಸ್ವಾದಿಸುವುದರಿಂದ ಅದು ಆನಂದರೂಪವೇ ಆಗುವುದೆಂದು ಅಭಿನವಗುಪ್ತನು ಹೇಳುವನು. ಇವೆರಡೂ ಒಂದೇ ಎಂದು ಬರೆದು ಕೈ ತೊಳೆದುಕೊಳ್ಳುವುದು ಸುಲಭ. ಟಿ. ಎಸ್. ಎಲಿಯಟ್ಟನು 1919ರಲ್ಲಿ ಹ್ಯಾಮ್ಲೆಟ್ ನಾಟಕವನ್ನು ಕುರಿತು ಬರೆಯುತ್ತ, ಭಾವಕ್ಕೆ ಸರಿಹೊಂದುವ ವಸ್ತು, ಸನ್ನಿವೇಶ, ಘಟನೆಗಳ ಮೂಲಕವೇ ಭಾವವನ್ನು ಕಾಣಿಸಬೇಕೆಂದು ಹೇಳಿದುದನ್ನು ಓದಿ, ಇದು ಭರತನ ವಿಭಾವವೇ ಸರಿ ಎಂದು ಹಿಗ್ಗುವವರು ಬಹುಮಂದಿ. ಹೋಲಿಕೆ ಉಂಟು. ಆದರೆ ವಿಭಾವದ ಹಿಂದೆ ಸಹೃದಯನ ವಿಚಾರವಿದೆ, ಸಾಧಾರಣೀಕರಣವಿದೆ, ಸ್ಥಾಯಿಭಾವಗಳ ವ್ಯವಸ್ಥೆಯಿದೆ. ಎಲಿಯಟ್ಟನ ಮಾತಿನ ಹಿಂದೆ ಇವೊಂದೂ ಇಲ್ಲ. ವಿದ್ಯಾರ್ಥಿಗೆ ಕಲಿಸಬೇಕಾದುದು ಈ ಭೇದವನ್ನು. "ಅವರು ಹೇಳಿದುದನ್ನೆಲ್ಲ ನಮ್ಮವರು ಮೊದಲೇ ಹೇಳಿದ್ದಾರೆ" ಎಂಬ ಹೆಮ್ಮೆಯೂ ಒಂದು ಬಗೆಯ ಸೋಮಾರಿತನವೇ.

ಮೈಸೂರಿನ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಸಿ. ಡಿ. ನರಸಿಂಹಯ್ಯನವರು ಈ ಕೆಲಸವನ್ನು ಮುಂದುವರಿಸಿದರು. ಕೇಂಬ್ರಿಜ್ಜಿನಲ್ಲಿ ಎಫ್. ಆರ್. ಲೀವಿಸನ ಬಳಿ ಕಲಿತು ಬಂದ ಅವರು 1979ರಲ್ಲಿ ಮೈಸೂರಿನಲ್ಲಿ ಸ್ಥಾಪಿಸಿದ ಸಂಸ್ಥೆಗೆ ಆನಂದವರ್ಧನನ ಗ್ರಂಥದ ಹೆಸರನ್ನೇ ಇಟ್ಟು 'ಧ್ವನ್ಯಾಲೋಕ' ಎಂದು ಕರೆದುದು ಅರ್ಥಪೂರ್ಣವಾದುದು.

ಇನ್ನು ಈ ಸಭೆಗೆ ಅತ್ಯಂತ ಸಮೀಪವಾದ ವಿಷಯ. ವಚನಗಳನ್ನು ಇಂಗ್ಲಿಷಿಗೆ ಕೊಂಡೊಯ್ದವರಲ್ಲಿ ಇಂಗ್ಲಿಷ್ ಅಧ್ಯಾಪಕರ ಪಾಲು ದೊಡ್ಡದು. 1940ರಲ್ಲಿ ಶಿ. ಶಿ. ಬಸವನಾಳರೂ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದ ಕೆ. ಆರ್. ಶ್ರೀನಿವಾಸ ಅಯ್ಯಂಗಾರರೂ ಕೂಡಿ ಬಸವಣ್ಣನವರ ವಚನಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. 1965ರಿಂದ ಕರ್ನಾಟಕ ವಿಶ್ವವಿದ್ಯಾನಿಲಯವು ಹೊರತಂದ ಶೂನ್ಯಸಂಪಾದನೆಯ ಇಂಗ್ಲಿಷ್ ಸಂಪುಟಗಳಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರೂ ಕವಿಗಳೂ ಆಗಿದ್ದ ಆರ್ಮಾಂಡೊ ಮೆನೆಜಸ್ ಅವರ ಕೈ ಇದ್ದಿತು. 1973ರಲ್ಲಿ ಎ. ಕೆ. ರಾಮಾನುಜನ್ನರ 'ಸ್ಪೀಕಿಂಗ್ ಆಫ್ ಶಿವ' ಪ್ರಕಟವಾಯಿತು. ಮೈಸೂರಿನಲ್ಲಿ ಇಂಗ್ಲಿಷ್ ಓದಿದ ಅವರೂ ಕೆಲಕಾಲ ಬೆಳಗಾವಿಯಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದವರೇ. ಸ್ಥಾವರ ಜಂಗಮಗಳನ್ನು ಕುರಿತ ಬಸವಣ್ಣನವರ ಒಂದು ವಚನವನ್ನು ಮುಂದಿಟ್ಟುಕೊಂಡು, ದೇಗುಲಕ್ಕೂ ದೇಹಕ್ಕೂ ಇರುವ ಸಂಬಂಧವನ್ನು ಮಾತುಮಾತಾಗಿ ಬಿಡಿಸಿ, ಅದರಿಂದ ಒಂದು ಧರ್ಮಾಂದೋಲನದ ಸ್ವರೂಪವನ್ನೇ ಅವರು ತಮ್ಮ ಪೀಠಿಕೆಯಲ್ಲಿ ವಿವರಿಸಿರುವರು. ಕಾವ್ಯವನ್ನು ಸಮೀಪದಿಂದ ಓದುವುದೆಂದರೆ ಹೀಗೆ.

ಆದರೆ ಅಲ್ಲಿಯೂ ಚರ್ಚೆಗೆ ಎಡೆಯುಂಟು. ತರಗತಿಗೆ ಬೇಕಾದುದೂ ಅದೇ. ರಾಮಾನುಜನ್ನರು ಅಂಕಿತಗಳನ್ನು ಹೆಸರುಗಳಾಗಿ ಉಳಿಸದೆ ಬಹುಮಟ್ಟಿಗೆ ಅರ್ಥ ಬಿಡಿಸಿ ಹೇಳಿದರು. ಕೂಡಲಸಂಗಮದೇವನು ನದಿಗಳು ಕೂಡುವೆಡೆಯ ಒಡೆಯನಾದನು. ಚೆನ್ನಮಲ್ಲಿಕಾರ್ಜುನನು ಮಲ್ಲಿಗೆಯಂತೆ ಬೆಳ್ಳಗಿರುವ ಒಡೆಯನಾದನು. ಕನ್ನಡವರಿಯದವನಿಗೆ ಇದರಿಂದ ಒಂದು ಚಿತ್ರ ದೊರೆಯಿತು, ಅದು ಲಾಭ. ಆದರೆ ಭಕ್ತನ ಬಾಯಲ್ಲಿ ಅಂಕಿತವು ಚಿತ್ರವಲ್ಲ, ಕರೆ. ಮಲಪ್ರಭೆ ಕೃಷ್ಣೆಯರು ಕೂಡುವ ಒಂದು ಊರು, ಶ್ರೀಶೈಲವೆಂಬ ಒಂದು ಗಿರಿ, ಅಲ್ಲಿ ನೆಲಸಿದ ಇಷ್ಟದೈವ, ಇವೆಲ್ಲವೂ ಆ ಹೆಸರಿನ ಒಳಗಿವೆ. ಹೆಸರನ್ನು ಅರ್ಥವಾಗಿ ಒಡೆದಾಗ ಕರೆಯು ವರ್ಣನೆಯಾಗಿ ತಿರುಗುವುದು. ವಚನದ ಕೊನೆಗೆ ಬಂದು ಇಡೀ ಮಾತನ್ನು ದೇವರ ಮುಂದೆ ನಿಲ್ಲಿಸುವ ಅದರ ಬಿಗಿಯು ಸಡಿಲುವುದು. ಹಾಗೆಂದು ಹೆಸರನ್ನು ಹಾಗೆಯೇ ಉಳಿಸಿದರೆ ಪರದೇಶದ ವಾಚಕನಿಗೆ ಅದು ಬರಿಯ ಸದ್ದು. ಈ ಇಕ್ಕಟ್ಟನ್ನು ವಿದ್ಯಾರ್ಥಿಯ ಮುಂದೆ ಇಟ್ಟು ಅವನಿಂದಲೇ ಉತ್ತರ ಕೇಳಬೇಕು. ಇಂಗ್ಲಿಷನ್ನು ಮಾತ್ರ ಬಲ್ಲವನು ಇದಕ್ಕೆ ಉತ್ತರ ಹೇಳಲಾರ, ಕನ್ನಡವನ್ನು ಮಾತ್ರ ಬಲ್ಲವನೂ ಹೇಳಲಾರ. ತೆಂಗಿನ ಸೀಮೆಯಿಂದ ಹೋಗಿ ಇಂಗ್ಲಿಷ್ ಕಲಿತವನು ಹೇಳಬಲ್ಲನು. ಅವನು ಯಾರಿಗೂ ಕಡಿಮೆಯಲ್ಲದ ಸ್ಥಾನವೊಂದು ಇದು.

ವಚನಗಳನ್ನು ಹೀಗೆ ಸಾಹಿತ್ಯವಾಗಿ ಪರೀಕ್ಷಿಸುವುದು ಭಕ್ತಿಗೆ ಕುಂದಲ್ಲವೇ ಎಂಬ ಪ್ರಶ್ನೆ ಭಕ್ತಾದಿಗಳಲ್ಲಿ ಏಳುವುದು ಸಹಜ. ಶರಣರು ಕವಿಗಳಾಗಬೇಕೆಂದು ನುಡಿದವರಲ್ಲ. ಅವರ ಅನುಭಾವವನ್ನು ಉಪಮೆ ರೂಪಕಗಳ ಪಟ್ಟಿಯನ್ನಾಗಿ ಮಾಡಿದರೆ ಅಪಚಾರವೇ ಸರಿ, ಅಂಥ ಪಾಠವನ್ನು ಯಾರೂ ಸಮರ್ಥಿಸಬೇಕಾಗಿಲ್ಲ. ಆದರೆ ಪರೀಕ್ಷೆಯು ಪರಂಪರೆಗೆ ಹೊರಗಿನದೆಂದು ಹೇಳುವುದು ಹೇಗೆ? ಶೂನ್ಯಸಂಪಾದನೆಯೆಂಬ ಗ್ರಂಥವು ಮೊದಲಿನಿಂದ ಕಡೆಯವರೆಗೆ ಪರೀಕ್ಷೆಯೇ. ಅಲ್ಲಮಪ್ರಭುಗಳು ಮುಕ್ತಾಯಕ್ಕನನ್ನು ಕೇಳುವರು, ಸಿದ್ಧರಾಮನನ್ನು ಕೆಣಕುವರು, ಅಕ್ಕಮಹಾದೇವಿಯನ್ನು ಅನುಭವಮಂಟಪದ ಬಾಗಿಲಲ್ಲಿಯೇ ತಡೆದು ಪ್ರಶ್ನಿಸುವರು. ಮಾತಿಗೆ ಮಾತು ಒರೆಗಲ್ಲಾಗುವುದು, ಆಡಿದ ಮಾತಿಗೂ ಬಾಳಿಗೂ ನಡುವೆ ಇರುವ ಅಂತರವನ್ನು ಹುಡುಕಲಾಗುವುದು. ಬಿಡಿಯಾಗಿದ್ದ ವಚನಗಳನ್ನು ಆಯ್ದು, ಯಾವುದರ ಮುಂದೆ ಯಾವುದು ನಿಂತರೆ ಎರಡರ ಅರ್ಥವೂ ಬೆಳಗುವುದೆಂದು ತಿಳಿದು ಸಂವಾದವಾಗಿ ಜೋಡಿಸಿದ ಸಂಪಾದಕರು ಭಕ್ತರಾಗಿದ್ದಂತೆಯೇ ವಿಮರ್ಶಕರೂ ಆಗಿದ್ದರು. ಅವರಲ್ಲೊಬ್ಬರಾದ ಗೂಳೂರು ಸಿದ್ಧವೀರಣಾರ್ಯರು ಎಡೆಯೂರಿನ ತೋಂಟದ ಸಿದ್ಧಲಿಂಗ ಯತಿಗಳ ಪರಂಪರೆಯವರು. ಎಡೆಯೂರು ಇಲ್ಲಿಗೆ ಎಷ್ಟು ದೂರ?

ಮಠಗಳ ಪ್ರಸಾದನಿಲಯಗಳಲ್ಲಿ ಅನ್ನ ಉಂಡು ಕಾಲೇಜಿಗೆ ಹೋಗುವ ವಿದ್ಯಾರ್ಥಿಗಳಲ್ಲಿ ಇಂಗ್ಲಿಷನ್ನು ಐಚ್ಛಿಕವಾಗಿ ಆರಿಸಿಕೊಳ್ಳುವವರು ಕೆಲವರಾದರೂ ಇರುವರು. ಇಂಥವರಿಗಾಗಿ ಪ್ರಸಾದನಿಲಯದಲ್ಲಿ ಮಾಡಬಹುದಾದುದು ಹೆಚ್ಚು ವೆಚ್ಚದ ಕಾರ್ಯವಲ್ಲ. 'ಇಂಗ್ಲಿಷ್ ಗೀತಗಳು', 'ಭಾರತೀಯ ಕಾವ್ಯಮೀಮಾಂಸೆ', ವಚನಗಳ ಎರಡು ಮೂರು ಬೇರೆ ಬೇರೆ ಇಂಗ್ಲಿಷ್ ಭಾಷಾಂತರಗಳು, ಇವಿಷ್ಟು ಒಂದು ಕಪಾಟಿನಲ್ಲಿರಲಿ. ಹದಿನೈದು ದಿನಕ್ಕೊಮ್ಮೆ ಸಾಯಂಕಾಲದ ಪ್ರಾರ್ಥನೆ ಮುಗಿದ ಮೇಲೆ ಒಂದು ವಚನವನ್ನು ಗಟ್ಟಿಯಾಗಿ ಓದಿ, ಅದರ ಭಾಷಾಂತರಗಳನ್ನು ಒಂದರ ತರುವಾಯ ಒಂದನ್ನು ಓದಿ, ಯಾವುದು ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಎಂಬುದನ್ನು ಹುಡುಗರೇ ಹೇಳಲಿ. ಹಿರಿಯರು ಕೊನೆಯಲ್ಲಿ ಮಾತನಾಡಲಿ. ಇಂಗ್ಲಿಷ್ ಪದ್ಯವೊಂದನ್ನು ಕವಿಯ ಹೆಸರಿಲ್ಲದೆ ಕರಿಹಲಗೆಯ ಮೇಲೆ ಬರೆದಿಟ್ಟು, ಗೈಡನ್ನು ಮುಚ್ಚಿಸಿ, ಒಂದು ವಾರದ ಮೇಲೆ ಅಭಿಪ್ರಾಯ ಕೇಳುವುದೂ ಒಳ್ಳೆಯದು. ಮೊದಲ ತಿಂಗಳು ಯಾರೂ ಬಾಯಿ ಬಿಡದಿದ್ದರೆ ಗಾಬರಿಯಾಗಬೇಕಾಗಿಲ್ಲ. ಅಟ್ಟಕ್ಕೇರಿಸಿದ ಕಾಯಿಯನ್ನು ಮರುದಿನವೇ ಇಳಿಸಿ ಅಲ್ಲಾಡಿಸಿ ನೋಡುವವರುಂಟೆ?